ಅಳೆಯದೆ ತೂಗುವ ಕಾಳು

ಲಾರಿಯ ಟೈರಿನೊಳಗೆ ಒಂದಿಷ್ಟು ಗಾಜಿನ ಅಥವಾ ಪಿಂಗಾಣಿಯ ಕಾಳು ಸುರಿದರೆ ಸಾಕು, ಚಕ್ರ ತಾನಾಗಿಯೇ ಸಮತೂಕಕ್ಕೆ ಬರುತ್ತದೆ, ರಿಮ್ಮಿನ ಅಂಚಿಗೆ ಸೀಸದ ತುಂಡು ಬಡಿಯುವ ಕೆಲಸವೇ ಇಲ್ಲ ಎನ್ನುವ ಮಾತು ಅಮೆರಿಕ, ಕೆನಡಾದ ಹೆದ್ದಾರಿಗಳಲ್ಲಿ ಹಳೆಯದು. ಈಗ ಅದು ನಮ್ಮ ಕಡೆಗೂ ಬರುತ್ತಿದೆ. ಅನುವಾದವನ್ನೇ ಹೊಟ್ಟೆಪಾಡು ಮಾಡಿಕೊಂಡ ನನ್ನಂಥವರ ಮೇಜಿಗೆ ಅದು ಕರಪತ್ರದ ರೂಪದಲ್ಲಿ ಬರುತ್ತದೆ: ಇಂಗ್ಲಿಷಿನಲ್ಲಿ ನಾಲ್ಕು ಪುಟ, ಹಿಂದಿ, ಮರಾಠಿ, ಕನ್ನಡಕ್ಕೆ ಆಗಬೇಕು, ಸೋಮವಾರದೊಳಗೆ. ಅದರಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ. ಇನ್ನು ನಿಮಗೆ ಬ್ಯಾಲೆನ್ಸಿಂಗ್ ಯಂತ್ರದ ಅಗತ್ಯವಿಲ್ಲ.

ಆ ವಾಕ್ಯದ ಬಗ್ಗೆ ನನಗೆ ತಕರಾರಿದೆ. ಕಾಳಿನ ಹಿಂದಿರುವ ತತ್ವ ಸುಳ್ಳಲ್ಲ. ಅದು ಚೆನ್ನಾಗಿ ಕೆಲಸ ಮಾಡುವ ಜಾಗಗಳೂ ಇವೆ. ಆದರೆ ಚಕ್ರವನ್ನು ಒಮ್ಮೆಯೂ ಅಳೆಯದವರಿಗೆ "ಅಳೆಯಲೇ ಬೇಕಿಲ್ಲ" ಎಂದು ಹೇಳಿ ಮಾರುವುದು ಸರಿಯಲ್ಲ. ಆ ಕನ್ನಡ ಕರಪತ್ರ ಯಾರ ಕೈಗೆ ಹೋಗುತ್ತದೋ ಅವರೇ ಅದರ ನಷ್ಟವನ್ನೂ ಹೊರುತ್ತಾರೆ.

ನಾನಿರುವುದು ಘಣಸೋಲಿಯಲ್ಲಿ. ಒಂದು ಬದಿಗೆ ರೈಲು ಹಳಿ ಮತ್ತು ಠಾಣೆ–ಬೇಲಾಪುರ ರಸ್ತೆ, ಅದರಾಚೆ ರಬಾಳೆಯಿಂದ ಮಹಾಪೆವರೆಗೆ ಹಬ್ಬಿದ ಕೈಗಾರಿಕಾ ಪ್ರದೇಶ. ಅತ್ತ ಹೋದರೆ 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರು, ನಡುವೆ ವಾಶಿಯ ಎಪಿಎಂಸಿ, ಕಳಂಬೋಲಿಯ ಉಕ್ಕಿನ ಪೇಟೆ. ಹಾಗಾಗಿ ಇಲ್ಲಿ ಲಾರಿ ಎಂದರೆ ದೃಶ್ಯವಲ್ಲ, ನೆರೆಹೊರೆ. ಎಂಎಚ್ 43ರ ಸಾಲಿನ ನಡುವೆ ಕೆಎ 28, ಕೆಎ 29, ಕೆಎ 32 ಕಾಣುತ್ತವೆ. ವಿಜಯಪುರ, ಬಾಗಲಕೋಟೆ, ಕಲಬುರಗಿಯ ಗಾಡಿಗಳು. ಲೋಡು ಇಳಿಸಿ, ಮರುಲೋಡಿಗೆ ಕಾಯುತ್ತ, ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತವರ ಬಾಯಲ್ಲಿ ನಮ್ಮ ಮಾತು ಕೇಳಿದರೆ ನಿಂತು ಮಾತಾಡುವ ಅಭ್ಯಾಸ ನನಗೆ. ಇಂಡಿ ಕಡೆಯ ಚಾಲಕರೊಬ್ಬರನ್ನು ಚಕ್ರ ಬ್ಯಾಲೆನ್ಸ್ ಮಾಡಿಸುತ್ತೀರಾ ಎಂದು ಕೇಳಿದೆ. "ಅಲೈನ್ಮೆಂಟ್ ಮಾಡಸ್ತೀವಲ್ರಿ ಅಕ್ಕಾರ, ಎರಡೂ ಒಂದ ಅಲ್ಲೇನ್ರಿ?" ಎಂದರು. ಸ್ಟೇರಿಂಗ್ ನಡುಗುವುದಿಲ್ಲವೇ ಎಂದರೆ, "ಎಪ್ಪತ್ತಕ್ಕ ಶುರು ಆಗ್ತದ್ರಿ. ಕೈಯಾಗ ಗದಗದ ಅಂತದ. ಅದು ಇರೂದ ಬಿಡ್ರಿ."

ಎರಡೂ ಒಂದೇ ಅಲ್ಲ. ಅಲೈನ್ಮೆಂಟ್ ಎಂದರೆ ಚಕ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬ ಲೆಕ್ಕ. ಅದು ತಪ್ಪಿದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಬ್ಯಾಲೆನ್ಸಿಂಗ್ ಎಂದರೆ ಒಂದೊಂದು ಚಕ್ರದ ತೂಕ ಅದರ ನಡುಗಡ್ಡಿಯ ಸುತ್ತ ಸಮನಾಗಿ ಹಂಚಿಕೆಯಾಗಿದೆಯೇ ಎಂಬ ಲೆಕ್ಕ. ಅದು ತಪ್ಪಿದರೆ ಚಕ್ರ ಕುಣಿಯುತ್ತದೆ. ಕನ್ನಡದಲ್ಲಿ "ತೂಗು" ಎಂಬ ಒಂದೇ ಧಾತು ತೂಕ ನೋಡುವುದಕ್ಕೂ ಓಲಾಡುವುದಕ್ಕೂ ನಡೆಯುತ್ತದೆ, ತೂಕಡಿಕೆಯೂ ಅದೇ ಬಳಗದ ಮಾತು. ಲಾರಿಯ ಚಕ್ರದ ವಿಷಯದಲ್ಲಿ ಈ ಮೂರೂ ಅರ್ಥ ಒಟ್ಟಿಗೇ ಕೂತಿವೆ. ತೂಕ ತಪ್ಪಿದ ಚಕ್ರ ತೂಗುತ್ತದೆ, ರಾತ್ರಿಯಿಡೀ ಅದರ ಮೇಲೆ ಕೂತವರು ದಣಿದು ತೂಕಡಿಸುತ್ತಾರೆ.

ಸ್ವಲ್ಪ ಲೆಕ್ಕ ಹಾಕೋಣ. ಇಪ್ಪತ್ತು ಇಂಚಿನ ರಿಮ್ಮಿನ ಲಾರಿ ಟೈರಿನ ಹೊರವ್ಯಾಸ ಒಂದು ಮೀಟರಿಗೆ ತುಸು ಹೆಚ್ಚು. ಸಲೀಸಿಗೆ ಒಂದು ಮೀಟರ್ ಎಂದೇ ಇಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ, ಗಂಟೆಗೆ 25 ಸಾವಿರ ಸುತ್ತು. ಟೈರಿನ ಹೊರಮೈಯಲ್ಲಿ ಒಂದು ಕಡೆ 100 ಗ್ರಾಂ ಹೆಚ್ಚಿದ್ದರೆ, ಆ ವೇಗದಲ್ಲಿ ಅದು ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 10 ಕಿಲೋ ತೂಕಕ್ಕೆ ಸಮ. ಅರ್ಧ ವೇಗಕ್ಕೆ ಇಳಿದರೆ ಬಲ ಅರ್ಧವಲ್ಲ, ಕಾಲು ಪಾಲಾಗುತ್ತದೆ. ಅದಕ್ಕೇ ನಡುಕ ಊರೊಳಗೆ ಗೊತ್ತಾಗದೆ ಹೆದ್ದಾರಿಗೆ ಬಂದಾಗ "ಎಪ್ಪತ್ತಕ್ಕ ಶುರು" ಆಗುವುದು. ರಬ್ಬರ್ ಹಾಕಿಸಿದ ಹಳೆ ಟೈರಿನಲ್ಲಿ ವ್ಯತ್ಯಾಸ ಕಾಲು ಕಿಲೋ ಇದ್ದರೆ 25 ಕಿಲೋ ಬಲ ಸೆಕೆಂಡಿಗೆ ಏಳು ಸಲ ಮೇಲಕ್ಕೂ ಕೆಳಕ್ಕೂ, ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಮುಂದಿನ ಆಕ್ಸಲ್ ಮೇಲೆ 7 ಟನ್ ಹೊರಲು 2018ರಿಂದ ಅನುಮತಿ ಇರುವಾಗ 25 ಕಿಲೋ ಯಾವ ಲೆಕ್ಕ ಎನಿಸಬಹುದು. ಟನ್ನುಗಳ ಭಾರ ಸುಮ್ಮನೆ ಕೂತಿರುತ್ತದೆ, ಇದು ಗಂಟೆಗೆ 25 ಸಾವಿರ ಸಲ ಬಡಿಯುತ್ತದೆ. ಬೇರಿಂಗು, ಕಿಂಗ್ ಪಿನ್ನು, ಟೈರಿನ ಮೈ, ಎಲ್ಲಕ್ಕೂ ಈ ಬಡಿತದ ಪಾಲು ಹೋಗುತ್ತದೆ.

ಪಾಲು ಮನುಷ್ಯನಿಗೂ ಹೋಗುತ್ತದೆ. ಇಡೀ ಮೈಗೆ ತಾಗುವ ಕಂಪನವನ್ನು ಅಳೆಯಲು ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೂತ ಮನುಷ್ಯನ ಮೈ ಮೇಲೆ-ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ವ್ಯಾಪ್ತಿಯಲ್ಲಿ ಎನ್ನುವುದು ಆ ಲೆಕ್ಕದ ಬುನಾದಿ. ಒಂದು ಮೀಟರ್ ವ್ಯಾಸದ ಚಕ್ರ ಸೆಕೆಂಡಿಗೆ 4 ಸುತ್ತು ಬರುವುದು ಗಂಟೆಗೆ 45 ಕಿ.ಮೀ. ವೇಗದಲ್ಲಿ, 8 ಸುತ್ತು ಬರುವುದು 90ರಲ್ಲಿ. ಅಂದರೆ ಲಾರಿ ಚಾಲಕ ಹೆದ್ದಾರಿಯಲ್ಲಿ ದುಡಿಯುವ ವೇಗವೆಲ್ಲ ಅವರ ಬೆನ್ನೆಲುಬಿಗೆ ಅತಿ ಕೆಟ್ಟ ಪಟ್ಟಿಯೊಳಗೇ ಬೀಳುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರೀ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ, ಒಳ್ಳೆಯದೇ. ಸೆಕೆಯ ಬಗ್ಗೆ ಬಂದ ಮಾತು ಅದುರಿನ ಬಗ್ಗೆಯೂ ಬರಬೇಕು. "ಅದು ಇರೂದ ಬಿಡ್ರಿ" ಎನ್ನುವಂಥ ವಿಷಯ ಇದಲ್ಲ.

ಹಳೆಯ ಪರಿಹಾರ ಎಲ್ಲರಿಗೂ ಗೊತ್ತು. ಚಕ್ರವನ್ನು ಯಂತ್ರಕ್ಕೆ ಏರಿಸಿ ತಿರುಗಿಸಿದರೆ ಯಾವ ಕಡೆ ಎಷ್ಟು ಗ್ರಾಂ ಕಡಿಮೆ ಎಂದು ತೋರಿಸುತ್ತದೆ. ಅಲ್ಲಿ ರಿಮ್ಮಿನ ಅಂಚಿಗೆ ಅಷ್ಟು ತೂಕ ಬಡಿಯುವುದು. ಕಾರಿಗೆ ಇದು ಹತ್ತು ನಿಮಿಷದ ಕೆಲಸ. ಲಾರಿಯ ಟೈರು, ಡಿಸ್ಕು ಸೇರಿ ನೂರು ಕಿಲೋ ಆಸುಪಾಸು. ಬಿಚ್ಚಿ, ಎತ್ತಿ, ತಿರುಗಿಸಲು ದೊಡ್ಡ ಯಂತ್ರ ಬೇಕು, ಎರಡು ಜೊತೆ ಕೈ ಬೇಕು. ಅದು ದೊಡ್ಡ ಊರಿನ ದೊಡ್ಡ ಅಂಗಡಿಗಳಲ್ಲಿ ಮಾತ್ರ ಸಿಗುತ್ತದೆ. ಒಂದೇ ಗಾಡಿಯ ಮಾಲೀಕರು ಕಂತು, ಡೀಸೆಲ್, ಟೋಲ್ ಲೆಕ್ಕದ ನಡುವೆ ಅರ್ಧ ದಿನ ಇದಕ್ಕೆ ಕೊಡುವುದಿಲ್ಲ. ಹೀಗಾಗಿ ಲಾರಿ ಚಕ್ರವನ್ನು ಬ್ಯಾಲೆನ್ಸ್ ಮಾಡಿಸುವುದು ಮಾಮೂಲಿಯಲ್ಲ, ಅಪರೂಪ. ಕಾಳು ಮಾರುವವರಿಗೆ ಈ ಖಾಲಿ ಜಾಗವೇ ಬಾಗಿಲು.

ತೂಕದ ತುಂಡಿನ ಮೇಲೆ ಇನ್ನೊಂದು ದೂರೂ ಇದೆ, ಅದು ನ್ಯಾಯವಾದ ದೂರು. ಬಹುಕಾಲ ಆ ತುಂಡು ಸೀಸದ್ದಾಗಿತ್ತು. ಭಾರ ಹೆಚ್ಚು, ಬೆಲೆ ಕಡಿಮೆ, 327 ಡಿಗ್ರಿಗೇ ಕರಗುವುದರಿಂದ ಅಚ್ಚು ಹೊಯ್ಯುವುದು ಸುಲಭ. ಆದರೆ ಕಲ್ಲು, ಹಂಪು, ಗುಂಡಿ ತಾಗಿ ಅದು ಹಾರಿ ರಸ್ತೆಗೆ ಬೀಳುತ್ತದೆ, ಚಕ್ರಗಳಡಿ ಅರೆದು ಧೂಳಾಗುತ್ತದೆ. ಯುರೋಪಿನ ಒಕ್ಕೂಟ 2005ರ ಜುಲೈನಿಂದ ಹೊಸ ಕಾರುಗಳಿಗೆ ಸೀಸದ ತೂಕ ನಿಲ್ಲಿಸಿತು, ಕ್ಯಾಲಿಫೋರ್ನಿಯಾ 2010ರಿಂದ. ನಮ್ಮಲ್ಲಿ 2000ದ ಹೊತ್ತಿಗೆ ಪೆಟ್ರೋಲಿನಿಂದ ಸೀಸ ಹೊರಹೋಯಿತು, 2016ರ ನಿಯಮ ಮನೆಬಳಕೆಯ ಬಣ್ಣದಲ್ಲಿ ಅದನ್ನು ಹತ್ತು ಲಕ್ಷಕ್ಕೆ 90 ಭಾಗಕ್ಕೆ ಇಳಿಸಿತು. ಸೀಸ ಮಕ್ಕಳ ಮಿದುಳಿಗೆ ಏನು ಮಾಡುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಹೇಳಿಕೊಂಡು ಬಂದವರು. ಅಷ್ಟಾದ ಮೇಲೂ ರಸ್ತೆ ಬದಿಯ ಅಂಗಡಿಯಲ್ಲಿ ಸೀಸದ ತುಂಡನ್ನು ಬರಿಗೈಯಲ್ಲಿ ಬಡಿದು, ಅದೇ ಕೈಯಲ್ಲಿ ವಡಾಪಾವ್ ತಿನ್ನುವ ಹುಡುಗರು ಇದ್ದಾರೆ. ಸೀಸ ಹೋಗಬೇಕು. ಆದರೆ ಸೀಸ ಬೇಡ ಎನ್ನುವುದಕ್ಕೂ ತೂಕವೇ ಬೇಡ ಎನ್ನುವುದಕ್ಕೂ ವ್ಯತ್ಯಾಸವಿದೆ. ಉಕ್ಕಿನ, ಸತುವಿನ ತೂಕಗಳು ಪೇಟೆಯಲ್ಲಿವೆ. ಕರಪತ್ರಗಳು ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳಿ ದಾಟಿಬಿಡುತ್ತವೆ.

ಇನ್ನು ಕಾಳಿಗೆ ಬರೋಣ. ಮೊದಲ ತೊಡಕು ಹೆಸರಿನದ್ದೇ. ಇಂಗ್ಲಿಷಿನಲ್ಲಿ ಇದನ್ನು "ಬೀಡ್" ಎನ್ನುತ್ತಾರೆ. ಆದರೆ ಟೈರಿನ ಕಸುಬಿನಲ್ಲಿ ಬೀಡ್ ಎಂದರೆ ಆಗಲೇ ಬೇರೆ ವಸ್ತು: ರಿಮ್ಮಿಗೆ ಕಚ್ಚಿ ಕೂರುವ, ಒಳಗೆ ಉಕ್ಕಿನ ತಂತಿಯಿರುವ ಟೈರಿನ ಅಂಚು. "ಬೀಡ್ ಹಾಳಾಗಿದೆ" ಎಂದರೆ ಪಂಚರ್ ಅಂಗಡಿಯವರು ಟೈರನ್ನೇ ಪಕ್ಕಕ್ಕಿಡುತ್ತಾರೆ. ಹಾಗಾಗಿ ಅದೇ ಪದವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಅಪಾಯ. ಮಣಿ ಎಂದರೆ ದಾರಕ್ಕೆ ಪೋಣಿಸುವುದು, ಗುಂಡು ಎಂದರೆ ಬಂದೂಕಿನದ್ದು. ಗಾತ್ರದಲ್ಲಿ ಸಾಮಾನ್ಯವಾಗಿ ರಾಗಿ, ಸಾಸಿವೆಯಷ್ಟಿರುವ ಇದನ್ನು ಕಾಳು ಎನ್ನುವುದೇ ವಾಸಿ. ಒಂದು ಲಾರಿ ಟೈರಿಗೆ ಕಾಲು ಕಿಲೋದಿಂದ ಅರ್ಧ ಕಿಲೋವರೆಗೆ ಹಾಕುತ್ತಾರೆ. ಇದಕ್ಕೂ ಮೊದಲು ಅಮೆರಿಕದ ಚಾಲಕರು ಟೈರಿನೊಳಗೆ ಗಾಲ್ಫ್ ಚೆಂಡು ಹಾಕಿ ನೋಡಿದವರೇ.

ತತ್ವ ಏನು? ನಿಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರವನ್ನು ನೆನಪಿಸಿಕೊಳ್ಳಿ. ನೀರು ಹಿಂಡುವ ಸುತ್ತು ಶುರುವಾಗುವಾಗ ಅದು ಒಂದಿಷ್ಟು ಹೊತ್ತು ಕುಣಿಯುತ್ತದೆ, ವೇಗ ಏರಿದ ಮೇಲೆ ಶಾಂತವಾಗುತ್ತದೆ. ಅನೇಕ ಯಂತ್ರಗಳ ಡ್ರಮ್ಮಿನ ಅಂಚಿನಲ್ಲಿ ಉಪ್ಪುನೀರು ಅಥವಾ ಉಕ್ಕಿನ ಗೋಲಿಗಳಿರುವ ಬಳೆ ಇರುತ್ತದೆ. ಬಟ್ಟೆ ಒಂದು ಕಡೆ ಗುಡ್ಡೆಯಾದರೆ ಅದು ಎದುರು ಬದಿಗೆ ಸರಿದು ತೂಕ ಸರಿಗಟ್ಟುತ್ತದೆ. ತಾನಾಗಿ ಸಮತೂಕಕ್ಕೆ ಬರುವ ಈ ಉಪಾಯವನ್ನು ಎಂಜಿನಿಯರ್ ತೀರ್ಲ್ 1932ರಲ್ಲೇ ಚಕ್ರ-ಗೋಲಿಗಳ ಯಂತ್ರಕ್ಕೆ ಬಳಸಿ ವಿವರಿಸಿದ್ದರು. ಸಿಡಿ ಓದುವ ಪೆಟ್ಟಿಗೆಗಳಲ್ಲೂ ಇದೇ ಇತ್ತು. ಆದ್ದರಿಂದ ಕಾಳಿನ ಮಾತು ಮಾಟ-ಮಂತ್ರವಲ್ಲ.

ಆದರೆ ಆ ತತ್ವಕ್ಕೆ ಒಂದು ಷರತ್ತಿದೆ, ಕರಪತ್ರದಲ್ಲಿ ಕಾಣದ ಷರತ್ತು. ಸ್ಪ್ರಿಂಗಿನ ಮೇಲೆ ಕೂತ ಪ್ರತಿ ವಸ್ತುವಿಗೂ ತನ್ನದೇ ಒಂದು ಸಹಜ ಕುಣಿತದ ವೇಗವಿರುತ್ತದೆ. ತಿರುಗುವ ವೇಗ ಅದಕ್ಕಿಂತ ಮೇಲಿದ್ದಾಗ ಮಾತ್ರ ಚಕ್ರದ ಹಗುರ ಬದಿ ಹೊರಕ್ಕೆ ಓಲುತ್ತದೆ, ಸಡಿಲ ಕಾಳು ಅತ್ತ ಹರಿದು ಕೊರತೆ ತುಂಬುತ್ತದೆ. ತಿರುಗುವ ವೇಗ ಅದಕ್ಕಿಂತ ಕೆಳಗಿದ್ದರೆ ಹೊರಕ್ಕೆ ಓಲುವುದು ಭಾರದ ಬದಿ, ಕಾಳು ಅಲ್ಲಿಗೇ ಹೋಗಿ ಭಾರವನ್ನು ಹೆಚ್ಚಿಸುತ್ತದೆ. ಒಗೆಯುವ ಯಂತ್ರ ಮೆತ್ತನೆಯ ಸ್ಪ್ರಿಂಗಿನಲ್ಲಿ ತೂಗುತ್ತ ಬಲು ಜೋರಾಗಿ ತಿರುಗುತ್ತದೆ, ಅಲ್ಲಿ ಷರತ್ತು ಸುಲಭವಾಗಿ ಈಡೇರುತ್ತದೆ. ಶುರುವಿನ ಕುಣಿತ ಆ ಗಡಿ ದಾಟುವ ಕ್ಷಣ. ಲಾರಿ ಅದರ ತದ್ವಿರುದ್ಧ: ಬಿಗಿಯಾದ ಕಮಾನು ಪಟ್ಟಿ, ಗಡುಸು ಟೈರು, ನಿಧಾನ ತಿರುಗುವ ದೊಡ್ಡ ಚಕ್ರ. ಭಾರೀ ವಾಹನಗಳ ಆಕ್ಸಲ್ ಪುಟಿಯುವ ಸಹಜ ವೇಗ ಸೆಕೆಂಡಿಗೆ ಹತ್ತರ ಆಸುಪಾಸು. ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿಯಲ್ಲಿ, ಅಂದರೆ 113 ಕಿ.ಮೀ. ವೇಗದಲ್ಲಿ ಓಡುವ ಲಾರಿಯ ಚಕ್ರ ಸೆಕೆಂಡಿಗೆ 10 ಸುತ್ತು ಬರುತ್ತದೆ, ಗಡಿಗೆ ಬಂದು ಮುಟ್ಟುತ್ತದೆ. ನಮ್ಮಲ್ಲಿ 2015ರ ನಿಯಮದಂತೆ ಸರಕು ಲಾರಿಗೆ ವೇಗ ಮಿತಿ 80, ಟ್ಯಾಂಕರ್ ಮತ್ತು ಡಂಪರಿಗೆ 60. ಅಂದರೆ 7 ಸುತ್ತು, ಅಥವಾ 5. ಗಡಿಯ ಈಚೆಯೇ. ಅಲ್ಲಿ ಹೊಗಳಿಸಿಕೊಂಡ ಸರಕು ಇಲ್ಲಿಯ ವೇಗದಲ್ಲಿ ಅದೇ ಕೆಲಸ ಮಾಡುತ್ತದೆ ಎಂದು ಸುಮ್ಮನೆ ನಂಬಲು ಕಾರಣವಿಲ್ಲ.

ಕಾಳಿನ ಪರವಾಗಿ ಮಾತಾಡುವವರ ಉತ್ತರವನ್ನೂ ಹೇಳಬೇಕು. ಟೈರು ನೆಲಕ್ಕೆ ತಾಗುವಲ್ಲಿ ಚಪ್ಪಟೆಯಾಗುತ್ತದೆ, ಪ್ರತಿ ಸುತ್ತಿನಲ್ಲೂ ಕಾಳಿಗೆ ಒಂದು ತಟ್ಟು ಸಿಗುತ್ತದೆ, ಅದರಿಂದ ಅವು ಸರಿಯುತ್ತ ಸರಿಯಾದ ಜಾಗ ಹುಡುಕಿಕೊಳ್ಳುತ್ತವೆ ಎನ್ನುತ್ತಾರೆ. 80ರ ವೇಗದಲ್ಲಿ ಪ್ರತಿ ಕಾಳೂ ತನ್ನ ತೂಕದ ನೂರು ಪಟ್ಟು ಬಲದಿಂದ ಟೈರಿನ ಒಳಮೈಗೆ ಒತ್ತಿಕೊಂಡಿರುತ್ತದೆ ಎಂಬುದನ್ನು ನೆನಪಿಟ್ಟರೆ, ಒಂದು ತಟ್ಟಿಗೆ ಅದು ಎಷ್ಟು ಸರಿದೀತು ಎಂಬ ಅನುಮಾನ ಸಹಜ. ಇನ್ನೊಂದು ವಾದ ಗಟ್ಟಿಯಾದದ್ದು: ತೂಕದ ತುಂಡು ಬಡಿದ ದಿನದ ಲೆಕ್ಕಕ್ಕೆ ಮಾತ್ರ ಸರಿ, ಟೈರು ಸವೆದಂತೆ ಲೆಕ್ಕ ಬದಲಾಗುತ್ತದೆ, ಕಾಳು ಪ್ರತಿ ಪಯಣದಲ್ಲೂ ಹೊಸದಾಗಿ ಹೊಂದಿಕೊಳ್ಳುತ್ತದೆ. ಕೆಲಸ ಮಾಡಿದರೆ ಇದು ನಿಜವಾದ ಲಾಭ. ಮೂರನೆಯದು ಅನುಭವದ ಮಾತು: ಹಾಕಿಸಿದೆ, ನಡುಕ ಹೋಯಿತು. ಆದರೆ ಕಾಳು ಹಾಕುವುದು ಯಾವಾಗ? ಹೆಚ್ಚಾಗಿ ಹೊಸ ಟೈರು ಏರಿಸುವಾಗ. ಹಳೆ ಟೈರು ಹೋಯಿತು, ರಿಮ್ಮಿನ ತುಕ್ಕು ಕೆರೆದರು, ಗಾಳಿ ಸರಿಯಾಗಿ ತುಂಬಿದರು, ಮೇಲೆ ಕಾಳು. ನಡುಕ ಹೋದದ್ದು ಯಾವುದರಿಂದ? ನಾಲ್ಕು ಕೆಲಸದ ಫಲ ಒಂದರ ಖಾತೆಗೆ ಜಮೆಯಾಗುತ್ತದೆ.

ನಮ್ಮ ಪರಿಸ್ಥಿತಿಯಲ್ಲಿ ಇನ್ನೂ ಕೆಲವು ತೊಂದರೆಗಳಿವೆ. ಕಾಳಿಗೆ ಒಣ ಗಾಳಿ ಬೇಕು, ತೇವ ಸೇರಿದರೆ ಗಂಟುಕಟ್ಟಿ ಒಂದೇ ಕಡೆ ಅಂಟಿಕೊಳ್ಳುತ್ತದೆ. ಜುಲೈ ತಿಂಗಳ ನವಿ ಮುಂಬಯಿಯಲ್ಲಿ ಪಂಚರ್ ಅಂಗಡಿಯ ಕಂಪ್ರೆಸರ್ ಬಿಚ್ಚಿದರೆ ನೀರು ಸುರಿಯುತ್ತದೆ, ಅದೇ ತೇವ ಟೈರಿಗೂ ಹೋಗುತ್ತದೆ. ವಾಲ್ವಿನ ಪಿನ್ನಿಗೆ ಸಣ್ಣ ಜಾಲರಿ ಇರಬೇಕು, ಇಲ್ಲದಿದ್ದರೆ ಕಾಳು ಸಿಕ್ಕಿ ಗಾಳಿ ಸೋರುತ್ತದೆ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಕೈಗೆ ಹೋದ ಮೇಲಿನ ವರ್ಷಗಳಲ್ಲಿ ದೇಶದಲ್ಲಿ ಲಾರಿ ರೇಡಿಯಲ್ ಟೈರು ಬೆಳೆಯಿತು, ಈಗ ಟ್ಯೂಬ್‌ಲೆಸ್ಸೂ ಹೆಚ್ಚುತ್ತಿದೆ. ಆದರೂ ಟ್ಯೂಬು, ಫ್ಲ್ಯಾಪು ಇರುವ ಟೈರುಗಳು ಇನ್ನೂ ಬೇಕಾದಷ್ಟಿವೆ. ಟ್ಯೂಬ್‌ಲೆಸ್ ಟೈರಿನ ನುಣುಪು ಒಳಮೈಯನ್ನು ನೆಚ್ಚಿ ಮಾಡಿದ ಕಾಳಿಗೆ ಟ್ಯೂಬು ಸರಿಯಾದ ಮನೆಯಲ್ಲ. ಎಲ್ಲಕ್ಕಿಂತ ಮುಖ್ಯ: ನಿಪ್ಪಾಣಿಯ ಬಳಿ ರಾತ್ರಿ ಎರಡಕ್ಕೆ ಟೈರು ಪಂಚರ್ ಆದಾಗ ಅದನ್ನು ಬಿಚ್ಚಿದ ಹುಡುಗನ ಕಾಲ ಬಳಿ ಕಾಳು ಚೆಲ್ಲಿ ಮಣ್ಣಾಗುತ್ತದೆ. ಮತ್ತೆ ತೂಗಿ ತುಂಬುವವರು ಯಾರು?

ಇದಕ್ಕಿಂತ ದೊಡ್ಡ ಆತಂಕ ಬೇರೆ. ಸ್ಟೇರಿಂಗಿನ ನಡುಕ ರೋಗವಲ್ಲ, ರೋಗದ ಸೂಚನೆ. ತೂಕದ ಏರುಪೇರು ಅದರ ಹಲವು ಕಾರಣಗಳಲ್ಲಿ ಒಂದು ಮಾತ್ರ. ಸಡಿಲ ಬೇರಿಂಗು, ಸವೆದ ಕಿಂಗ್ ಪಿನ್ನು, ಬಾಗಿದ ಡಿಸ್ಕು, ರಿಮ್ಮಿನ ಮೇಲೆ ಓರೆಯಾಗಿ ಕೂತ ಟೈರು, ಒಳಗೆ ಪದರ ಬಿಡುತ್ತಿರುವ ಟೈರು, ಇವೆಲ್ಲ ಅದೇ ಭಾಷೆಯಲ್ಲಿ ಮಾತಾಡುತ್ತವೆ. ಯಂತ್ರಕ್ಕೆ ಏರಿಸಿದರೆ ಚಕ್ರ ತಿರುಗುವಾಗಲೇ ಅದು ಗುಂಡಗಿಲ್ಲ, ಓಲುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ತೂಕ ಬಡಿಯುವ ನೆಪದಲ್ಲಿ ಒಬ್ಬ ಮನುಷ್ಯ ಚಕ್ರವನ್ನು ನೋಡುತ್ತಾನೆ. ಕಾಳು ಸುರಿದರೆ ಆ ನೋಟ ತಪ್ಪುತ್ತದೆ. "ಬ್ಯಾಲೆನ್ಸ್ ಆಗಿದೆ" ಎಂಬ ಸಮಾಧಾನದಲ್ಲಿ ಪದರ ಬಿಡುತ್ತಿರುವ ಟೈರು ಖಂಡಾಲಾ ಘಾಟ್ ಇಳಿಯುತ್ತದೆ.

ಹಾಗಾದರೆ ಸಣ್ಣ ಮಾಲೀಕರು ಏನು ಮಾಡಬೇಕು? ಖರ್ಚಿಲ್ಲದ ಕೆಲಸಗಳೇ ಮೊದಲು. ಹೊಸ ಟೈರಿನ ಪಕ್ಕೆಯ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಸಾಮಾನ್ಯವಾಗಿ ಟೈರಿನ ಹಗುರ ಜಾಗದ ಗುರುತು. ಅದನ್ನು ವಾಲ್ವಿನ ನೇರಕ್ಕೆ ಕೂರಿಸಿದರೆ ಅರ್ಧ ಕೆಲಸ ಪುಕ್ಕಟೆ ಮುಗಿಯಿತು. ರಿಮ್ಮಿನ ತುಕ್ಕು ಕೆರೆಸಿ. ಟೈರು ಕೂತ ಮೇಲೆ ಅದರ ಅಂಚಿನ ಬಳಿಯ ಉಬ್ಬುಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ದೂರದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಗಾಳಿ ಇಳಿಸಿ ಮತ್ತೆ ಕೂರಿಸಲು ಹೇಳಿ. ಜಾಕ್ ಏರಿಸಿದಾಗ ಚಕ್ರವನ್ನು ಕೈಯಿಂದ ಅಲುಗಿಸಿ, ತಿರುಗಿಸಿ. ಹತ್ತೂ ಚಕ್ರ ಸಾಧ್ಯವಾಗದಿದ್ದರೆ ಮುಂದಿನ ಎರಡನ್ನಾದರೂ ಹೊಸ ಟೈರು ಹಾಕಿಸಿದಾಗ ಯಂತ್ರಕ್ಕೆ ಏರಿಸಿ, ಸೀಸವಲ್ಲದ ತೂಕ ಕೇಳಿ. ಇಷ್ಟೆಲ್ಲ ಆದ ಮೇಲೆ, ಟ್ಯೂಬ್‌ಲೆಸ್ ಟೈರು, ಒಣ ಗಾಳಿ, ಉದ್ದದ ಹೆದ್ದಾರಿ ಓಟ ಇರುವವರು ಕಾಳು ಹಾಕಿ ನೋಡುತ್ತೇವೆ ಎಂದರೆ ನನ್ನ ವಿರೋಧವಿಲ್ಲ. ಒಂದು ಚಕ್ರಕ್ಕೆ ಹಾಕಿ, ಮೊದಲೂ ಆಮೇಲೂ ಅಳೆದು ನೋಡಲಿ.

ಟ್ರಕ್ ಟರ್ಮಿನಲ್‌ಗಳಲ್ಲಿ, ಬಂದರಿನ ಪಾರ್ಕಿಂಗ್ ಜಾಗಗಳಲ್ಲಿ ದೊಡ್ಡ ಚಕ್ರದ ಯಂತ್ರವೊಂದನ್ನು ಕಡಿಮೆ ದರಕ್ಕೆ ಇಡುವುದು ನಗರಪಾಲಿಕೆಗೋ ಬಂದರಿಗೋ ಟೈರು ಕಂಪನಿಗಳಿಗೋ ಅಸಾಧ್ಯವೇನಲ್ಲ. ಮರುಲೋಡಿಗೆ ಕಾಯುವ ಹೊತ್ತು ಚಾಲಕರಿಗೆ ಹೇಗೂ ಇದೆ. ಯಂತ್ರ ಹತ್ತಿರ ಬಂದರೆ "ಯಂತ್ರ ಬೇಡ" ಎನ್ನುವ ಮಾತಿನ ಮೋಡಿ ಅರ್ಧ ಇಳಿಯುತ್ತದೆ.

ಕೊನೆಗೆ ನನ್ನ ಕಸುಬಿನ ಮಾತು. ಇಂಗ್ಲಿಷ್ ಕರಪತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ: ಇಂಥ ಟೈರಿಗೆ ಮಾತ್ರ, ಇಷ್ಟು ವೇಗದ ಮೇಲೆ, ಗಾಳಿ ಒಣಗಿರಬೇಕು. ಕನ್ನಡಕ್ಕೆ ಬರುವಾಗ "ಜಾಗ ಸಾಲದು" ಎಂದು ಮೊದಲು ಕತ್ತರಿ ಬೀಳುವುದು ಅದಕ್ಕೇ. ಭರವಸೆ ಮಾತ್ರ ದೊಡ್ಡ ಅಕ್ಷರದಲ್ಲಿ ದಾಟಿ ಬರುತ್ತದೆ. ಅನುವಾದಕರಿಗೆ ಸರಕಿನ ಗುಣ ನಿರ್ಧರಿಸುವ ಅಧಿಕಾರವಿಲ್ಲ ಎಂಬುದು ಸರಿ. ಆದರೆ ಷರತ್ತು ಬಿಟ್ಟ ಅನುವಾದ ಅಪೂರ್ಣ ಎಂದು ಹೇಳುವ ಅಧಿಕಾರ ನಮಗಿದೆ, ಮತ್ತು ಈ ಕೆಲಸದಲ್ಲಿರುವ ಎಲ್ಲರೂ ಅದನ್ನು ಹೇಳಬೇಕು. ಇಂಡಿಯ ಚಾಲಕರು ಓದುವ ಭಾಷೆಯಲ್ಲಿ ಆ ಷರತ್ತುಗಳು ಭರವಸೆಯಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿ. ಆಮೇಲೆ ಕೊಳ್ಳುವುದು ಬಿಡುವುದು ಅವರ ಲೆಕ್ಕ.